ಪರದೇಶಿಗೊಂದು ಬಿಡಾರ

ಕೆಲವು ಮಾತುಗಳು ತಮ್ಮ ಹೊಟ್ಟೆಯೊಳಗೆ ಒಂದು ಕಥೆಯನ್ನಿಟ್ಟುಕೊಂಡು ಏನೂ ಅರಿಯದವರಂತೆ ಓಡಾಡುತ್ತಿರುತ್ತವೆ. 'ಪರದೇಶಿ' ಎಂಬುದು ಅಂಥದೊಂದು ಮಾತು. ಬಿಡಿಸಿ ನೋಡಿದರೆ ಬೇರೆ ದೇಶದವನು ಎಂದಷ್ಟೇ ಅರ್ಥ. ಆದರೆ ಅದು ನಮ್ಮ ಅಜ್ಜಿಯಂದಿರ ಬಾಯಲ್ಲಿ ಹೊರಳಿ ಹೊರಳಿ, ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬ ಇನ್ನೊಂದು ಅರ್ಥವನ್ನೂ ಕೂಡಿಸಿಕೊಂಡಿತು. ತಬ್ಬಲಿ ಮಗುವೊಂದನ್ನು ಕಂಡು 'ಪಾಪ, ಪರದೇಶಿ' ಎನ್ನುತ್ತೇವೆ; ಆ ಮಗು ಹುಟ್ಟಿದ್ದು ನಮ್ಮ ಪಕ್ಕದ ಮನೆಯಲ್ಲೇ ಆದರೂ ಸರಿಯೆ. ನಿಘಂಟುಕಾರರು ಇದನ್ನು ಅರ್ಥವಿಸ್ತಾರವೆಂದು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದು. ನನಗಾದರೋ ಇದರಲ್ಲಿ ನಮ್ಮ ಹಿರಿಯರ ಲೋಕಾನುಭವ ಕಾಣುತ್ತದೆ. ಪರದೇಶದಿಂದ ಬಂದವನ ಕೈಯಲ್ಲಿ ದುಡ್ಡಿರಬಹುದು, ಮೈಮೇಲೆ ಒಳ್ಳೆಯ ಬಟ್ಟೆಯಿರಬಹುದು. ಇಲ್ಲದಿರುವುದು 'ಈತ ನನಗೆ ಗೊತ್ತಿದ್ದವನು' ಎಂದು ಹೇಳುವ ಒಂದು ಬಾಯಿ.

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಪಂಪ ರನ್ನರ ಕೃಪೆಯಿಂದ ಸಂಸಾರ ನಡೆಯುತ್ತಿದೆ. ವಾರಕ್ಕೆರಡು ಸಂಜೆ ಮಣಿಪಾಲಕ್ಕೆ ಹೋಗಿ ಹೊರದೇಶದವರಿಗೆ ಬಳಕೆಯ ಕನ್ನಡವನ್ನು ಹೇಳಿಕೊಡುತ್ತೇನೆ. ನಮ್ಮ ಅಜ್ಜನ ಕಾಲಕ್ಕೆ ಮಣಿಪಾಲವೆಂದರೆ ಮುರಕಲ್ಲಿನ ಬೋಳುಗುಡ್ಡ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1993ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. 1997ರಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಹುಟ್ಟಿ, ಮಲೇಶಿಯಾದ ಹುಡುಗ ಹುಡುಗಿಯರು ಮೊದಲ ಭಾಗವನ್ನು ಇಲ್ಲಿ ಓದಿ ಉಳಿದುದನ್ನು ತಮ್ಮ ದೇಶದಲ್ಲಿ ಮುಗಿಸುವ ಏರ್ಪಾಡು ಆಯಿತು. ಹೀಗೆ ಗುಡ್ಡದ ಮೇಲೆ ಲೋಕವೇ ಬಂದು ಇಳಿಯಿತು. ನನ್ನ ತರಗತಿಯಲ್ಲಿ ಕುಳಿತವರನ್ನು ಎಣಿಸಿದರೆ ಒಂದು ಭೂಗೋಳದ ಪಾಠವೇ ಆದೀತು.

ಆದರೆ ಬಂದವರಿಗೆ ಕನ್ನಡದ ವಿಭಕ್ತಿಪ್ರತ್ಯಯಗಳಿಗಿಂತ ಮೊದಲು ಬೇಕಾದುದು ಎರಡು: ಇರಲೊಂದು ಬಿಡಾರ, ಓಡಾಡಲೊಂದು ಗಾಡಿ. ಊಟದ ಮಾತು ಬಿಡಿ. ಉಡುಪಿಯಲ್ಲಿ ಊಟಕ್ಕೆ ಬರವೆ? ತರಗತಿ ಮುಗಿದೊಡನೆ ಒಬ್ಬಿಬ್ಬರು ಹಿಂದುಳಿದು, ತಲೆ ಕೆರೆದುಕೊಂಡು, 'ಸರ್, ಒಂದು ಸಹಾಯ' ಎನ್ನುತ್ತಾರೆ. ನನ್ನ ರವಿವಾರಗಳು ಹೀಗೆ ಬಾಡಿಗೆಯ ಬೋರ್ಡುಗಳ ಬೆನ್ನು ಹತ್ತಿ ಹೋಗಿವೆ. 'ನೀವು ಹೋಗುವುದು ಕನ್ನಡ ಪಾಠಕ್ಕೋ, ದಲ್ಲಾಳಿ ಕೆಲಸಕ್ಕೋ?' ಎಂದು ನನ್ನ ಹೆಂಡತಿ ಕೇಳುವುದುಂಟು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯಾದರೂ ಸಿಗುತ್ತದೆ ಎಂಬುದು ಆ ಪ್ರಶ್ನೆಯ ಇಂಗಿತ.

ಕೆಲವು ವರ್ಷಗಳ ಹಿಂದೆ, ಮಳೆ ಹಿಡಿದ ತಿಂಗಳಲ್ಲಿ, ಇಬ್ಬರು ಒಟ್ಟಿಗೇ ಬಂದರು. ಒಬ್ಬಾಕೆ ಫ್ರಾನ್ಸಿನವಳು, ನಮ್ಮ ಪಾಡ್ದನಗಳನ್ನು ಅಭ್ಯಾಸ ಮಾಡಲು ಬಂದವಳು. ಇನ್ನೊಬ್ಬ ಟಾಂಜಾನಿಯಾದವನು, ಸ್ನಾತಕೋತ್ತರ ವಿದ್ಯಾರ್ಥಿ, ಜೊತೆಗೆ ಹೆಂಡತಿ ಮತ್ತು ಮೂರು ವರ್ಷದ ಹೆಣ್ಣುಮಗು. ಇಬ್ಬರದೂ ವಿದ್ಯಾರ್ಥಿವೇತನದ ಬದುಕು.

ಫ್ರಾನ್ಸಿನವಳಿಗೆ ಕಾಪುವಿನಲ್ಲಿ ಮನೆ ಸಿಕ್ಕಿತು. 1901ರಲ್ಲಿ ಕಟ್ಟಿದ ದೀಪಸ್ತಂಭ ಕಿಟಕಿಯಿಂದ ಕಾಣುವಂಥ ಹಂಚಿನ ಮನೆ. ಒಂದೇ ಮಧ್ಯಾಹ್ನದಲ್ಲಿ ಮಾತುಕತೆ ಮುಗಿಯಿತು. ಒಂಟಿಯಾಗಿದ್ದ ಮುದುಕಿ, ಮನೆಯ ಒಡತಿ, ಇವಳ ಕೈ ಹಿಡಿದುಕೊಂಡು ತುಳುವಿನಲ್ಲಿ ಅರ್ಧ ಗಂಟೆ ಮಾತಾಡಿದಳು. ಇವಳು ಒಂದಕ್ಷರವೂ ತಿಳಿಯದೆ ತಲೆದೂಗಿದಳು. ನನ್ನ ಕೆಲಸವೆಂದರೆ ಬಾವಿಯ ನೀರನ್ನು ಒಂದು ಬೊಗಸೆ ಕುಡಿದು ನೋಡಿ, ಬೇಸಿಗೆಯಲ್ಲಿ ಇದು ಉಪ್ಪಾಗುವುದುಂಟೋ ಎಂದು ನೆರೆಮನೆಯವರನ್ನು ವಿಚಾರಿಸಿದ್ದು ಮಾತ್ರ. ಕಡಲಬದಿಯಲ್ಲಿ ಮನೆ ಹಿಡಿಯುವವರು ನೀರನ್ನು ಏಪ್ರಿಲಿನಲ್ಲೂ ಮಾಡನ್ನು ಜುಲೈಯಲ್ಲೂ ನೋಡಬೇಕು. ಡಿಸೆಂಬರಿನಲ್ಲಿ ನೋಡಿದರೆ ನಮ್ಮೂರಿನ ಎಲ್ಲ ಮನೆಗಳೂ ಚೆನ್ನಾಗಿಯೇ ಇರುತ್ತವೆ.

ಟಾಂಜಾನಿಯಾದವನೊಂದಿಗೆ ಐದು ಮನೆಗಳನ್ನು ನೋಡಿದೆ. ಐದು ಕಡೆಯೂ ದೂರವಾಣಿಯಲ್ಲಿ ಕೇಳಿದಾಗ ಮನೆ ಖಾಲಿ ಇತ್ತು. ಗೇಟಿನ ಬಳಿ ನಿಂತಾಗ ಇರಲಿಲ್ಲ. ಒಂದು ಕಡೆ ಅಳಿಯ ಬರುವವನಿದ್ದ. ಒಂದು ಕಡೆ ಮಾಂಸದ ಅಡುಗೆ ಆಗದು. ಒಳಗಿನಿಂದ ಮೀನು ಕಾಯುವ ವಾಸನೆ ಬರುತ್ತಲೇ ಇತ್ತು. ಒಂದು ಕಡೆ ಎರಡು ಹೆಚ್ಚು ತಿಂಗಳ ಮುಂಗಡ. ಒಂದು ಕಡೆ ಕಾರಣವೇ ಇಲ್ಲ. ಐದನೆಯವರು, 'ಬಣ್ಣ ಹೊಡೆಸಲಿಕ್ಕುಂಟು ಮಾರಾಯ್ರೆ' ಎಂದರು. ಬಣ್ಣದ ಮಾತು ಬಾಯಿಬಿಟ್ಟು ಬಂದದ್ದು ಅಲ್ಲಿ ಮಾತ್ರ. ಉಳಿದ ನಾಲ್ಕು ಮನೆಗಳಲ್ಲೂ ಮಾತು ಅದೇ ಆಗಿತ್ತು. ಆ ತರುಣ ಒಂದಕ್ಷರವೂ ಆಡಲಿಲ್ಲ. ಮಗುವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಂಡು ಮುಂದಿನ ಮನೆಯ ದಾರಿಯನ್ನು ಕೇಳಿದ.

ಅವರಿದ್ದದ್ದು ಲಾಡ್ಜಿನಲ್ಲಿ, ದಿನಬಾಡಿಗೆ ವಿದ್ಯಾರ್ಥಿವೇತನವನ್ನು ನುಂಗುತ್ತಿತ್ತು. ಅದಲ್ಲದೆ ಇನ್ನೊಂದು ಗಡುವೂ ಇತ್ತು. ದೀರ್ಘಾವಧಿಯ ವೀಸಾದ ಮೇಲೆ ಬಂದವರು ದೇಶಕ್ಕೆ ಕಾಲಿಟ್ಟ 14 ದಿನಗಳೊಳಗೆ ವಿದೇಶೀಯರ ನೋಂದಣಿ ಮಾಡಿಸಿಕೊಳ್ಳಬೇಕು. ಅಲ್ಲಿ ಮೊದಲು ಕೇಳುವುದೇ ವಿಳಾಸ. ಲಾಡ್ಜಿನ ವಿಳಾಸವನ್ನು ಕೊಟ್ಟು ಆಮೇಲೆ ಬದಲಾಯಿಸಬಹುದು, ನಿಜ. ಆದರೆ ವಿಳಾಸವಿಲ್ಲದವನ ಮನಸ್ಸಿನ ಕಳವಳಕ್ಕೆ ನಿಯಮಾವಳಿಯಲ್ಲಿ ಪರಿಹಾರವಿಲ್ಲ.

ಆರನೆಯ ಮನೆ ಪರ್ಕಳದಲ್ಲಿತ್ತು. ಅದರ ಯಜಮಾನರು ಕಾರ್ಕಳದಲ್ಲಿದ್ದರು. ಈ ಸಲ ನಾನು ಫೋನು ಮಾಡಲಿಲ್ಲ. ಹಿರಿಯಡಕ, ಬೈಲೂರು ಹಾದು ಹೋಗುವ ಬಸ್ಸಿನಲ್ಲಿ ಒಬ್ಬನೇ ಹೋದೆ. ಯಜಮಾನರು ಅರುವತ್ತು ದಾಟಿದವರು, ನೌಕರಿಯಿಂದ ನಿವೃತ್ತರು. ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟರು. ಅಲ್ಲಿಂದ ನೋಡಿದರೆ ಬಂಡೆಯ ಮೇಲೆ ಗೊಮ್ಮಟ. 1432ರಿಂದ ಹಾಗೆಯೇ ನಿಂತಿದ್ದಾನೆ, 42 ಅಡಿ ಎತ್ತರಕ್ಕೆ, ಮನೆಮಾರಿನ ಗೊಡವೆಯಿಲ್ಲದೆ. ನಾನು ಬಂದ ಕಾರ್ಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಆಫ್ರಿಕಾದವರು, ಮೂರು ಜನ, ಮೀನು ಮಾಂಸ ತಿನ್ನುವವರು, ಐದು ಕಡೆ ಸಿಕ್ಕಲಿಲ್ಲ ಎಂದೆ.

ಅವರು ಗೊಮ್ಮಟನ ಕಡೆಗೆ ಕೈ ಮಾಡಿ, 'ಅವನನ್ನು ನೋಡಲಿಕ್ಕೆ ಎಲ್ಲೆಲ್ಲಿಂದಲೋ ಬರುತ್ತಾರೆ ಮಾಷ್ಟ್ರೆ. ನೋಡಿ ಹೋಗುವವರು ಯಾರಾದರೆ ಎಂತ? ಉಳಿಯುವವರದ್ದೇ ತಾಪತ್ರಯ' ಎಂದರು. ಮತ್ತೆ ತಾವಾಗಿಯೇ ಹಳೆಯ ಕಥೆ ತೆಗೆದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಅವರು ಶಾಲೆಗೆ ಹೋಗುವ ಹುಡುಗ. ತಂದೆಯ ಹೆಸರಿನಲ್ಲಿದ್ದ ಗದ್ದೆಗಳೆಲ್ಲ ಚಾಲಗೇಣಿಯ ಒಕ್ಕಲುಗಳಿಗೆ ಹೋದವು. 'ಹೋದದ್ದು ನ್ಯಾಯವೇ. ಉತ್ತವರು ಅವರು, ನಾವಲ್ಲ. ಆದರೆ ಅಪ್ಪಯ್ಯನಿಗೆ ಅಂದಿನಿಂದ ಒಂದು ಕಾಗದಕ್ಕೆ ಸಹಿ ಹಾಕಲಿಕ್ಕೆ ಕೈ ನಡುಗುತ್ತಿತ್ತು. ಆ ನಡುಕ ನನಗೂ ಬಂದಿದೆ.'

ಐದು ಮನೆಗಳಲ್ಲಿ ಕೇಳದ ನಿಜವನ್ನು ನಾನು ಅಲ್ಲಿ ಕೇಳಿದೆ. ಎಲ್ಲರ ನಿರಾಕರಣೆಯೂ ದ್ವೇಷದಿಂದಲೇ ಹುಟ್ಟುವುದಿಲ್ಲ. ಕೆಲವದು ಹೆದರಿಕೆಯಿಂದ ಹುಟ್ಟುತ್ತದೆ. ದ್ವೇಷಕ್ಕೆ ನನ್ನಲ್ಲಿ ಮದ್ದಿಲ್ಲ. ಹೆದರಿಕೆಗೆ ಸ್ವಲ್ಪಮಟ್ಟಿಗೆ ಇದೆ. ಕಾಗದವನ್ನು ಎದುರಿಗಿಟ್ಟು ಒಂದೊಂದಾಗಿ ಬಿಡಿಸಿ ಹೇಳುವುದು.

ಅವರ ಮೊದಲ ಹೆದರಿಕೆ ಪೊಲೀಸರದು. ವಿದೇಶೀಯನನ್ನು ಮನೆಯಲ್ಲಿಟ್ಟುಕೊಂಡರೆ ಠಾಣೆಗೆ ಅಲೆಯಬೇಕೋ ಏನೋ! ಇಟ್ಟುಕೊಳ್ಳುವುದು ತಪ್ಪಲ್ಲ, ತಿಳಿಸದಿರುವುದು ತಪ್ಪು, ಎಂದೆ. ಬಂದ 24 ಗಂಟೆಗಳೊಳಗೆ ಇಂಥವರು ನಮ್ಮಲ್ಲಿ ಇಳಿದಿದ್ದಾರೆಂದು ಮನೆಯವರು ವರದಿ ಒಪ್ಪಿಸಬೇಕು. ಜನರ ಬಾಯಲ್ಲಿ ಅದಕ್ಕೆ 'ಸಿ ಫಾರಂ' ಎಂದು ಹೆಸರು. ಕಂಪ್ಯೂಟರಿನ ಮುಂದೆ ಕುಳಿತೇ ಮುಗಿಸಬಹುದು. (1939ರ ಮತ್ತು 1946ರ ಹಳೆಯ ಕಾಯಿದೆಗಳು ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ, ತಿಳಿಸುವ ಹೊಣೆ ಮಾತ್ರ ಮನೆಯವರ ಮೇಲೆ ಹಾಗೆಯೇ ಉಳಿದಿದೆ.) ಎರಡನೆಯ ಹೆದರಿಕೆ, ಬಂದವರು ಏಳದಿದ್ದರೆ? ಅದಕ್ಕೇ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಹನ್ನೆರಡಕ್ಕೊಂದು ಕಡಮೆ ಎಂಬ ನಮ್ಮವರ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಮೂರನೆಯ ಹೆದರಿಕೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. 'ಬಾಡಿಗೆ ಬಾಕಿ ಮಾಡಿ ವಿಮಾನ ಹತ್ತಿ ಹೋದರೆ ಯಾರನ್ನು ಹುಡುಕುವುದು?'

'ನನ್ನನ್ನು' ಎಂದೆ.

'ಬಾಯಲ್ಲಿ ಹೇಳುವುದೋ, ಕಾಗದದಲ್ಲಿ ಬರೆದು ಕೊಡುವುದೋ?'

ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾನು ಅಂಗಳಕ್ಕಿಳಿದು ಮನೆಗೆ ಫೋನು ಮಾಡಿದೆ. ಮನೆಸಾಲದ ಕಂತು ತೀರಲು ಇನ್ನೂ ಒಂಬತ್ತು ವರ್ಷವಿತ್ತು. ಮಗಳ ಕಾಲೇಜಿನ ಶುಲ್ಕ ಕಟ್ಟುವ ತಿಂಗಳು ಬೇರೆ. ಹೆಂಡತಿ ಎಲ್ಲವನ್ನೂ ಕೇಳಿ, 'ಎಷ್ಟಕ್ಕೆ?' ಎಂದಳು. ಆರು ತಿಂಗಳ ಬಾಡಿಗೆಯವರೆಗೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. 'ಮಗು ಎಷ್ಟು ವರ್ಷದ್ದು ಹೇಳಿದಿರಿ?' 'ಮೂರು.' 'ಬರೆದು ಕೊಡಿ.'

ಜಾಮೀನು ಎಂಬುದು ಇಷ್ಟೇ ನೋಡಿ. ಒಬ್ಬನ ಪರಿಚಯವಿಲ್ಲದಿರುವಿಕೆಯನ್ನು ಇನ್ನೊಬ್ಬನ ಪರಿಚಯದಿಂದ ತುಂಬುವುದು. ಇದು ನಮ್ಮ ದೇಶದ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಓದಲೆಂದು ಫ್ರಾನ್ಸಿನ ಲಿಯಾನಿಗೆ ಹೋದಾಗ ಇದೇ ಬಾಗಿಲಿಗೆ ಹಣೆ ತಾಗಿಸಿಕೊಂಡಳು. ಅಲ್ಲಿ ಮನೆಯವರು ಬಾಡಿಗೆಯ ಮೂರರಷ್ಟು ವರಮಾನವನ್ನು ಕೇಳುತ್ತಾರಂತೆ. ಇಲ್ಲವಾದರೆ ಆ ದೇಶದಲ್ಲೇ ದುಡಿಯುವ ಒಬ್ಬ 'ಗಾರಾಂ' ಬೇಕು. ಗಾರಾಂ ಎಂದರೆ ನಮ್ಮ ಜಾಮೀನುದಾರನೇ. ಹೆಬ್ರಿಯ ಹುಡುಗಿಗೆ ಲಿಯಾನಿನಲ್ಲಿ ಜಾಮೀನು ನಿಲ್ಲುವ ಸೋದರಮಾವ ಎಲ್ಲಿಂದ ಬರಬೇಕು? ಕಡೆಗೆ ಆಕೆಗೆ ಒದಗಿದ್ದು 'ವಿಸಾಲ್' ಎಂಬ ಏರ್ಪಾಡು. ಉದ್ಯೋಗದಾತರ ವಂತಿಗೆಯಿಂದ ನಡೆಯುವ ಸಂಸ್ಥೆಯೊಂದು 2016ರಿಂದ ಈ ಹೆಸರಿನಲ್ಲಿ, ಮೂವತ್ತರ ಒಳಗಿನವರಿಗೆ, ಶುಲ್ಕವಿಲ್ಲದೆ ಜಾಮೀನು ನಿಲ್ಲುತ್ತದೆ. ಅಲ್ಲಿಯ ಬಾಡಿಗೆಯ ಕಾಯಿದೆ 1989ರದು. ಬರಿಯ ಮನೆಗೆ ಒಂದು ತಿಂಗಳ, ಮೇಜು ಮಂಚಗಳ ಸಹಿತದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿ ಠೇವಣಿ ಕೇಳುವಂತಿಲ್ಲ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಚಳಿಗಾಲವೆಂದು, ಬಾಕಿ ಉಳಿಸಿಕೊಂಡವನನ್ನೂ ಸಾಮಾನ್ಯವಾಗಿ ಬೀದಿಗೆ ಹಾಕುವುದಿಲ್ಲ. ಇದನ್ನೆಲ್ಲ ಕಾರ್ಕಳದ ಹಿರಿಯರಿಗೆ ಹೇಳಿದಾಗ, 'ನಮ್ಮಲ್ಲಿ ಮಳೆಗಾಲಕ್ಕೆ ಹಾಗೊಂದು ಮಾಡಬಹುದಿತ್ತು' ಎಂದರು. ಹನ್ನೊಂದು ತಿಂಗಳ ಕರಾರಿನವರ ಬಾಯಲ್ಲಿ ಈ ಮಾತು ಬಂದುದೇ ನನಗೆ ಸಂತೋಷವಾಯಿತು.

ಮನೆಯಾಯಿತು, ಇನ್ನು ಗಾಡಿ. ಮಣಿಪಾಲದ ಏರಿನಲ್ಲಿ ಸೈಕಲ್ಲು ತುಳಿಯುವುದು ತಪಸ್ಸು. ಮಳೆಗಾಲದಲ್ಲಿ ಮಗುವನ್ನು ಕರೆದುಕೊಂಡು ನಡೆಯುವುದು ಅದಕ್ಕಿಂತ ದೊಡ್ಡದು. ಟಾಂಜಾನಿಯಾದವನು ಹಳೆಯ ಸ್ಕೂಟರೊಂದನ್ನೂ, ಕಾಪುವಿನವಳು ಹಳೆಯ ಕಾರೊಂದನ್ನೂ ಕೊಂಡರು. ನನಗೆ ಸ್ವಂತ ಕಾರಿಲ್ಲ, ಆದರೂ ಕೆ. ಎ. 20ರ ಕಾಗದಪತ್ರಗಳಲ್ಲಿ ನನಗೀಗ ಒಂದು ಬಗೆಯ ಪಾಂಡಿತ್ಯ ಬಂದಿದೆ. ತಮ್ಮ ದೇಶದಲ್ಲಿ ಪಡೆದ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷಕ್ಕಿಂತ ಹೆಚ್ಚು ನಡೆಯದು. ಹೆಚ್ಚು ಕಾಲ ಇರುವವರು ಇಲ್ಲಿಯದೇ ಪರವಾನಗಿ ಮಾಡಿಸುವುದು ಮೇಲು: ಮೊದಲು ಕಲಿಕೆಯ ಲೈಸೆನ್ಸು, ಅದಕ್ಕೆ ಆರು ತಿಂಗಳ ಆಯುಷ್ಯ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ. ಟಾಂಜಾನಿಯಾದಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಓಡಿಸುವುದರಿಂದ ಅವನಿಗೆ ತೊಂದರೆಯಾಗಲಿಲ್ಲ. ಫ್ರಾನ್ಸಿನಲ್ಲಿ ಬಲಬದಿ. ಪಾಪ, ಆಕೆ ಮೊದಲ ವಾರವೆಲ್ಲ ತಿರುವಿನಲ್ಲಿ ದಿಕ್ಕು ತೋರುವ ದೀಪಕ್ಕೆ ಕೈಹಾಕಿ ಗಾಜೊರಸುವ ಕಡ್ಡಿಯನ್ನು ಕುಣಿಸಿದಳು.

ನಮ್ಮ ಹಾರ್ನು ಆಕೆಗೆ ಬಿಡಿಸಲಾರದ ಒಗಟಾಯಿತು. 'ಅವರೆಲ್ಲ ನನ್ನನ್ನು ಬೈಯುತ್ತಿದ್ದಾರೆಯೆ?' ಎಂದು ಕೇಳಿದಳು. ಇಲ್ಲ, ಹಾರ್ನು ನಮ್ಮಲ್ಲಿ ಅವ್ಯಯ, ಎಂದೆ. ಲಿಂಗ ವಚನ ವಿಭಕ್ತಿಗಳಿಲ್ಲದೆ ಎಲ್ಲಿ ಬೇಕಾದರೂ ಬರುತ್ತದೆ. 'ನಾನಿದ್ದೇನೆ' ಎಂಬಲ್ಲಿಂದ ಹಿಡಿದು 'ಊಟ ಆಯಿತೆ' ಎಂಬವರೆಗೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಆಕೆ ಇದನ್ನು ಶ್ರದ್ಧೆಯಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಕಾರು ಮಾರಿದವರು, 'ಹೆಸರು ಬದಲಾಯಿಸುವುದು ಆಮೇಲೆ ನಿಧಾನವಾಗಿ ಮಾಡುವ, ಈಗ ಓಡಿಸಲಿ' ಎಂದರು. ನಿಧಾನವಾಗಿ ಮಾಡುವ ಎಂಬುದು ನಮ್ಮ ಕಡೆಯ ಸಿಹಿಯಾದ ಮಾತು. ಆದರೆ ಗಾಡಿಯ ವಿಷಯದಲ್ಲಿ ಅದು ವಿಷ. ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ, ಕೈ ಬದಲಾಗಿದ್ದರೂ ಸರಿಯೆ, ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದುದರಿಂದ 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗದೆ ಹಣ ಕೊಡಬಾರದು. ವಿಮೆಯನ್ನೂ 14 ದಿನಗಳೊಳಗೆ ಹೊಸಬರ ಹೆಸರಿಗೆ ತರಿಸಬೇಕು. ಮಾರಿದವರಿಗೆ ಇದನ್ನು ವಿವರಿಸಿದಾಗ ಕೊಂಡವಳಿಗಿಂತ ಹೆಚ್ಚು ಗಾಬರಿಯಾದವರು ಅವರೇ. ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು.

ಈ ಓಡಾಟದಲ್ಲಿ ನನಗೆ ದೊರೆತ ದಲ್ಲಾಳಿ ಎರಡು ಸಂಗತಿಗಳು. ಒಂದು ದಿನ ಕಾಪುವಿನ ಮನೆಯಲ್ಲಿ ಚಾ ಕುಡಿಯುತ್ತ ಆಕೆ ಮೇಲೆ ನೋಡಿ, ಈ ಹಂಚು ನಮ್ಮ ಅಜ್ಜಿಯ ಮನೆಯದರಂತೆಯೇ ಇದೆ ಎಂದಳು. ನೋಡಹೋದರೆ ಅದು ಬರಿಯ ಹೋಲಿಕೆಯಲ್ಲ. ಒಂದರೊಳಗೊಂದು ಕಚ್ಚಿ ಕೂರುವ ಇಂಥ ಹಂಚನ್ನು ಫ್ರಾನ್ಸಿನ ಆಲ್ಸೇಸಿನಲ್ಲಿ ಗಿಲಾರ್ಡೋನಿ ಸಹೋದರರು 1841ರ ಸುಮಾರಿಗೆ ರೂಪಿಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಜಾತಿಯ ಹಂಚು ನೇತ್ರಾವತಿಯ ಜೇಡಿಮಣ್ಣಿನಲ್ಲಿ ಮರುಹುಟ್ಟು ಪಡೆದು 'ಮಂಗಳೂರು ಹಂಚು' ಎನ್ನಿಸಿಕೊಂಡಿತು. ಇನ್ನೊಂದು ದಿನ ಟಾಂಜಾನಿಯಾದವನ ಮಗು ಸ್ಕೂಟರನ್ನು ತೋರಿಸಿ 'ಗಾರಿ, ಗಾರಿ' ಎಂದಿತು. ನಾನು ಉಚ್ಚಾರ ತಿದ್ದಲು ಹೋದೆ. ತಂದೆ ನಕ್ಕು, ಅದು ಸ್ವಾಹಿಲಿ ಎಂದ. ಹೌದು, ಅವರ ಭಾಷೆಯಲ್ಲಿ ವಾಹನಕ್ಕೆ ಗಾರಿ ಎಂದೇ ಹೆಸರು. ನಮ್ಮ ದೇಶದ ಗಾಡಿ ಹಡಗು ಹತ್ತಿ ಹೋಗಿ ಅಲ್ಲಿ ನೆಲೆಸಿದ್ದು. ಚಪಾತಿಯೂ ಅದರ ಜೊತೆಗೆ ಹೋಗಿದೆ. ಹಂಚಿಗೂ ಮಾತಿಗೂ ಯಾರೂ ಜಾಮೀನು ಕೇಳಲಿಲ್ಲ. ಅವು ಬಂದವು, ಉಳಿದವು, ನಮ್ಮವೇ ಆದವು. ಪರದೇಶಿಗೆ ಬಿಡಾರ ಕೊಡಲೋ ಬೇಡವೋ ಎಂದು ನಾವು ಕುಳಿತು ಯೋಚಿಸುವುದು ಪರದೇಶಿ ಮಾಡಿನ ಕೆಳಗೆ!

ನಾವಾದರೂ ಎಂಥವರು? ಉಡುಪಿಯವರು ಮನೆ ಬಿಟ್ಟು ಹೋಗುವುದರಲ್ಲಿ ಯಾರಿಗೆ ಕಡಮೆ? ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಊರಿನಿಂದ ರೈಲು ಹತ್ತಿದ ಎಷ್ಟೋ ಹುಡುಗರು, ಗೊತ್ತಿದ್ದವರ ಹೋಟೆಲಿನ ಅಟ್ಟದ ಮೇಲೆ ಚಾಪೆ ಬಿಡಿಸಿ ಬದುಕನ್ನು ಆರಂಭಿಸಿದವರು. ಅವರ ಕೈಯಲ್ಲಿದ್ದದ್ದು 'ಇವನು ನಮ್ಮೂರಿನ ಮಾಣಿ' ಎಂಬ ಒಂದು ಸಾಲಿನ ಚೀಟಿ. ಆ ಚೀಟಿಯಿಂದ ಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿಸಿದ ಮನೆಗಳೇ ಇಂದು ಮಣಿಪಾಲದ ಸುತ್ತ ಬಾಡಿಗೆಗಿರುವವುಗಳಲ್ಲಿ ಕೆಲವು.

ಟಾಂಜಾನಿಯಾದ ಸಂಸಾರ ಪರ್ಕಳದಲ್ಲಿ ಎರಡು ವರ್ಷವಿತ್ತು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಯಿತು. ನನ್ನ ಜಾಮೀನು ಪತ್ರ ಕಾರ್ಕಳದ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಮಲಗಿತ್ತು. ಅವರು ಹೊರಟುಹೋದ ಮೇಲೆ ಯಜಮಾನರು ಫೋನು ಮಾಡಿ, 'ಮನೆ ಖಾಲಿ ಆಗಿದೆ. ನಿಮ್ಮ ಕ್ಲಾಸಿನವರು ಯಾರಾದರೂ ಇದ್ದರೆ ಹೇಳಿ. ಜಾಮೀನು ಪತ್ರ ಬೇಕು, ಅದರಲ್ಲಿ ಬದಲಿಲ್ಲ' ಎಂದರು. ಜಾಮೀನು ಬೇಡವೆಂದು ಅವರು ಹೇಳಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತೇನೋ. ಆದರೆ ಮನುಷ್ಯ ಒಂದೇ ಸಲಕ್ಕೆ ಎಲ್ಲ ಹೆದರಿಕೆಯನ್ನೂ ಬಿಡಲಾರ. ಬಾಗಿಲು ತೆರೆದರಲ್ಲ, ಅಷ್ಟು ಸಾಕು. ಉಳಿದ ಐದು ಮನೆಗಳ ಗೇಟಿನಲ್ಲಿ ಬೋರ್ಡುಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ನಾನೂ ಹೋಗಿ ಕೇಳುತ್ತಿರುತ್ತೇನೆ.

ನನ್ನ ತರಗತಿಯ ಪಾಠಕ್ರಮವನ್ನು ಈಚೆಗೆ ಸ್ವಲ್ಪ ಬದಲಾಯಿಸಿದ್ದೇನೆ. ಹಿಂದೆ ಮೊದಲ ದಿನದ ವಾಕ್ಯ 'ನನ್ನ ಹೆಸರು ಇಂಥದು' ಎಂಬುದಾಗಿತ್ತು. ಈಗ, 'ಇಲ್ಲಿ ಮನೆ ಬಾಡಿಗೆಗೆ ಉಂಟಾ?' ಎಂಬುದು. ಅವರು ಅದನ್ನು ಒಂದೇ ಸಂಜೆಯಲ್ಲಿ ಚೆನ್ನಾಗಿ ಕಲಿತುಬಿಡುತ್ತಾರೆ. ಅದಕ್ಕೆ 'ಉಂಟು, ಬನ್ನಿ' ಎಂಬ ಉತ್ತರವನ್ನು ಕಲಿಯಬೇಕಾದವರು ಮಾತ್ರ ನನ್ನ ತರಗತಿಗೆ ಬರುವವರಲ್ಲ. ಅದಕ್ಕಾಗಿಯೇ ಇದನ್ನು ಇಲ್ಲಿ ಬರೆದೆ.